ಇಂಜಿನ್ ಕೂತರಾಯಿತೇ, ಇಸಿಯು ಒಪ್ಪಬೇಡವೇ?

ಟಾಟಾ ಇಂಡಿಕಾ 1998ರಲ್ಲಿ ಪಿಂಪ್ರಿಯ ಕಾರ್ಖಾನೆಯಿಂದ ಹೊರಬಂದಾಗ ಅದರ 1405 ಸಿಸಿ ಡೀಸೆಲ್ ಇಂಜಿನ್‌ಗೆ ಕಂಪ್ಯೂಟರಿನ ಹಂಗಿರಲಿಲ್ಲ. ಎಷ್ಟು ಡೀಸೆಲ್, ಯಾವಾಗ ಎಂಬುದನ್ನೆಲ್ಲ ಪಂಪೇ ನೋಡಿಕೊಳ್ಳುತ್ತಿತ್ತು. ಇಂಜಿನ್ ಸೀಜಾದರೆ ಗುಜರಿಯಿಂದ ಇನ್ನೊಂದನ್ನು ತಂದು, ಬೋಲ್ಟ್ ಬಿಗಿದು, ಟೈಮಿಂಗ್ ಕೂರಿಸಿ, ಏರ್ ತೆಗೆದರೆ ಗಾಡಿ ಹೊರಡುತ್ತಿತ್ತು. 2008ರಲ್ಲಿ ಇಂಡಿಕಾ ವಿಸ್ಟಾ ಕಂಪ್ಯೂಟರ್ ನಿಯಂತ್ರಿಸುವ 1248 ಸಿಸಿ ಕಾಮನ್ ರೈಲ್ ಇಂಜಿನ್ ಹೊತ್ತು ಬಂತು. ಸ್ಪ್ಯಾನರಿಗೆ ಲ್ಯಾಪ್‌ಟಾಪ್ ಜೊತೆಯಾಯಿತು.

ಫಿಯೆಟ್ ವಿನ್ಯಾಸದ ಈ ಇಂಜಿನ್ ಪುಣೆ ಜಿಲ್ಲೆಯ ರಾಂಜಣಗಾವ್‌ನಲ್ಲೇ ತಯಾರಾಗುತ್ತಿತ್ತು. ಪುಂಟೋದಲ್ಲೂ ಸ್ವಿಫ್ಟ್‌ನಲ್ಲೂ ಇದೇ ಕುಲ. ಸೆಕೆಂಡ್‌ಹ್ಯಾಂಡ್ ಇಂಜಿನ್ ಕೊಳ್ಳುವವರು ಎಡವುವುದು ಇಲ್ಲೇ. 75 ಅಶ್ವಶಕ್ತಿಯದ್ದರ ಟರ್ಬೊ ಸರಳ. 90ರದ್ದರಲ್ಲಿ ಟರ್ಬೊದೊಳಗಿನ ರೆಕ್ಕೆಗಳು ಹೊರಳುತ್ತವೆ, ಹೊರಳಿಸುವ ಆಜ್ಞೆ ಇಂಜಿನ್ನಿನ ಕಂಪ್ಯೂಟರಾದ ಇಸಿಯುನಿಂದ ಬರಬೇಕು. 75ರ ಇಸಿಯುಗೆ ಆ ವಿದ್ಯೆ ಗೊತ್ತಿಲ್ಲ.

ಪಳಗಿದವರು ಕಾರಿನ ಮೂಲ ಇಸಿಯುವನ್ನೇ ಉಳಿಸಿಕೊಳ್ಳುತ್ತಾರೆ. ಕೀಯೊಳಗಿನ ಚಿಪ್ಪಿನ ಗುರುತು ಸಿಕ್ಕರೆ ಮಾತ್ರ ಅದು ಡೀಸೆಲ್ ಬಿಡುತ್ತದೆ. ಬೇರೆ ಗಾಡಿಯ ಇಸಿಯು ಹಾಕಿದರೆ ಸ್ಟಾರ್ಟರ್ ತಿರುಗೀತು, ಇಂಜಿನ್ ಹತ್ತದು. ಆಮೇಲೆ ಹೊಂದಬೇಕಾದದ್ದು ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲಿನ ಚಕ್ರ. ಸಾಮಾನ್ಯವಾಗಿ 60 ಹಲ್ಲುಗಳ ಜಾಗದಲ್ಲಿ ಎರಡನ್ನು ಖಾಲಿ ಬಿಟ್ಟಿರುತ್ತಾರೆ. ಪಿಸ್ಟನ್ ಎಲ್ಲಿದೆಯೆಂದು ಇಸಿಯು ಲೆಕ್ಕ ಹಾಕುವುದು ಆ ಖಾಲಿಯಿಂದ. ಸೆನ್ಸರ್‌ಗಳು ಹೊಂದದಿದ್ದರೆ ಹಳೆ ಇಂಜಿನ್ನಿನವನ್ನೇ ಕಳಚಿ ಹಾಕುತ್ತಾರೆ.

ನಾಜೂಕಿನ ಕೆಲಸವೆಂದರೆ ಇಂಜೆಕ್ಟರಿನದು. ಹಲವು ಕಾಮನ್ ರೈಲ್ ಇಂಜೆಕ್ಟರ್‌ಗಳ ತಲೆಯ ಮೇಲೆ ಕೋಡ್ ಇರುತ್ತದೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಆ ಇಂಜೆಕ್ಟರ್ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಡೀಸೆಲ್ ಚಿಮ್ಮಿತೆಂಬುದರ ಗುರುತು ಅದು. ನಾಲ್ಕೂ ಕೋಡ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಸ್ಕ್ಯಾನರಿನಿಂದ ಇಸಿಯುಗೆ ಬರೆಯಬೇಕು. ಬರೆಯದಿದ್ದರೂ ಗಾಡಿ ಓಡುತ್ತದೆ, ತೊಂದರೆಯಿರುವುದೇ ಅಲ್ಲಿ. ಐಡ್ಲಿಂಗ್‌ನಲ್ಲಿ ನಡುಕ, ಎಳೆಯುವಾಗ ಹೊಗೆ. ಗಿರಾಕಿ ಪಾಪ, ಇಂಜಿನ್ ಮಾರಿದವನನ್ನು ಬೈಯುತ್ತಾನೆ.

ಕೀಯ ಗುರುತು ಕೇಳುವ ಇಮ್ಮೊಬಿಲೈಸರ್ ಅಳಿಸಿ, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ಮರಳಿಸುವ ಇಜಿಆರ್ ಮುಚ್ಚಿ, ಚೆಕ್ ಲೈಟ್ ಆರಿಸಿ ಕೊಡುವವರೂ ಇದ್ದಾರೆ. ಅದನ್ನು ರಿಪೇರಿ ಎನ್ನಲು ನನಗೆ ಮನಸ್ಸಿಲ್ಲ.

ಇಷ್ಟಾದ ಮೇಲೂ ಗಾಡಿಯ ಆರ್‌ಸಿಯಲ್ಲಿ ಉಳಿದಿರುವುದು ಹಳೆ ಇಂಜಿನ್ ನಂಬರು. ಆರ್‌ಟಿಒದಲ್ಲಿ ಹೊಸದನ್ನು ಬರೆಸದಿದ್ದರೆ ವಿಮೆಗೂ ಮಾರಾಟಕ್ಕೂ ಪೇಚು. ಇಂಜಿನ್ ಕೊಳ್ಳುವಾಗ ಬಿಲ್ ಕೇಳಿ ಪಡೆಯಿರಿ. ಇಂಜಿನ್ ಬಾನೆಟ್ಟಿನೊಳಗೆ ಇಳಿಯುವ ಮುಂಚೆ ಇಂಜೆಕ್ಟರ್ ಕೋಡ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ.