ಅಜ್ಜಿಯ ಸೀರೆಗೆ ಕತ್ತರಿ ಹಾಕುವ ಮುನ್ನ

ಅಜ್ಜಿ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಉಳಿದಿದ್ದು ಐದು ಕಾಟನ್ ಸೀರೆ. ಉಟ್ಟು ಉಟ್ಟು ಮೆತ್ತಗಾಗಿದ್ದವು. "ಕೌದಿ ಹೊಲ್ಕೊ. ಹೊದ್ಕೊಂಡ್ರ ಅಜ್ಜಿ ಮಗ್ಗಲಾಗ ಮಲಗಿದಂಗ ಆಗ್ತೈತಿ" ಅಂದಳು ಅವ್ವ. ನನಗೋ ಗುಂಡಿ ಹಚ್ಚೋದು ಬಿಟ್ಟರೆ ಬೇರೆ ಹೊಲಿಗೆ ಬರದು. ಹಾಗಾಗಿ ಮೊದಲು ಹಳೇ ಬೆಡ್‌ಶೀಟ್ ಮೇಲೆ ಕೈ ಪಳಗಿಸಲು ಕೂತೆ. ಅದೇ ಒಳ್ಳೇದಾಯ್ತು. ತೊಳೆಯದೇ ಸೇರಿಸಿದ್ದ ಕೆಂಪು ಬ್ಲೌಸ್ ಪೀಸ್ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಇಡೀ ಕೌದಿ ಗುಲಾಬಿಯಾಯ್ತು. ಅಲ್ಲಿ ಅಜ್ಜಿಯ ಸೀರೆ ಇದ್ದಿದ್ದರೆ?

ನಿಮ್ಮ ಮನೆಯಲ್ಲೂ ಇಂಥ ಬಟ್ಟೆಗಳಿದ್ದರೆ, ಕತ್ತರಿ ಹಿಡಿಯುವ ಮುನ್ನ ಇಷ್ಟು ಗಮನಿಸಿ.

ಚಿಕ್ಕದರಿಂದ ಶುರು ಮಾಡಿ

ಮೊದಲ ಕೌದಿ 2 ಅಡಿ ಉದ್ದ, 2 ಅಡಿ ಅಗಲ ಇದ್ದರೆ ಸಾಕು. ಕೂಸಿಗೆ ಹಾಸಲಿಕ್ಕೂ ಬರುತ್ತೆ, ಅರ್ಧಕ್ಕೆ ಬಿಡುವ ಭಯವೂ ಇರಲ್ಲ.

ಬಟ್ಟೆ ನೋಡಿ ಆರಿಸಿ

ಕಾಟನ್ ಜೊತೆ ಕಾಟನ್ನೇ ಇರಲಿ. ಪಾಲಿಯೆಸ್ಟರ್ ಬೆರೆಸಿದರೆ, ಒಗೆದಾಗ ಕಾಟನ್ ಮಾತ್ರ ಕುಗ್ಗಿ ಕೌದಿ ಸುಕ್ಕಾಗುತ್ತೆ. ಹೊಸ ಬಟ್ಟೆಯನ್ನು ತೊಳೆದು, ಇಸ್ತ್ರಿ ಮಾಡಿಯೇ ಬಳಸಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಬಿಡುತ್ತಾ ಅಂತ ಗೊತ್ತಾಗುತ್ತೆ. ಹಳೇ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಜಾಳಾದ ಭಾಗವನ್ನು ಒಳಗಿನ ಪದರಕ್ಕೆ ಇಡಿ.

ಪದರ ಜರುಗದಿರಲಿ

ಅಡಿಯ ಬಟ್ಟೆಯನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ಅಂಚಿಗೆ ಟೇಪ್ ಹಚ್ಚಿ. ಅದರ ಮೇಲೆ ಒಳಪದರ, ಆಮೇಲೆ ಮೇಲಿನ ಬಟ್ಟೆ. ಸುಮಾರು 4 ಇಂಚಿಗೊಂದರಂತೆ ಸೇಫ್ಟಿ ಪಿನ್ ಚುಚ್ಚಿ, ಇಲ್ಲವೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಒಳಗಿನ ಬಟ್ಟೆ ಮುದ್ದೆಯಾಗುತ್ತೆ.

ಹೊಲಿಗೆ ಒಂದೇ ಸಾಕು

ಸೂಜಿ ಮೇಲೆ-ಕೆಳಗೆ ಹೋಗುವ ರನ್ನಿಂಗ್ ಸ್ಟಿಚ್ ಬಂದರೆ ಕೌದಿ ಬಂದಂತೆ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತೆ. ಅಂಚನ್ನು ಒಳಗೆ ಮಡಚಿ ಹೊಲಿದು, ಬೆರಳಗಲ ಬಿಟ್ಟು ಸಾಲು ಹಾಕುತ್ತಾ ಹೋಗಿ. ಹೊಲಿಗೆ ಸೊಟ್ಟಗಾದರೆ ಬಿಚ್ಚಬೇಡಿ, ನಾಲ್ಕು ಸಾಲು ಆಗುವಷ್ಟರಲ್ಲಿ ಕೈ ತಾನೇ ಕೂರುತ್ತೆ.

ಕಲಿಯೋದೆಲ್ಲಿ?

ಯೂಟ್ಯೂಬಿನಲ್ಲಿ 'ಕೌದಿ ಹೊಲಿಗೆ' ಅಥವಾ 'ಹ್ಯಾಂಡ್ ಕ್ವಿಲ್ಟಿಂಗ್' ಅಂತ ಹುಡುಕಿ. ಬಂಗಾಳದ ಕಾಂತಾ ಕಸೂತಿಗೂ ಇದೇ ರನ್ನಿಂಗ್ ಸ್ಟಿಚ್ ಆಧಾರ, ಆ ವಿಡಿಯೋಗಳೂ ಉಪಯೋಗಕ್ಕೆ ಬರುತ್ತವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕವಂದಿಗಳನ್ನು ಫೋಟೋದಲ್ಲಾದರೂ ನೋಡಿ. ಮೂಲೆಯಿಂದ ಶುರುಮಾಡಿ, ತುಂಡು ಸೇರಿಸುತ್ತಾ, ಸುತ್ತು ಬಂದು ನಡುವಿಗೆ ಮುಗಿಸುತ್ತಾರೆ. ಮೂಲೆಗಳಿಗೆ ಮಡಚಿದ ಬಟ್ಟೆಯ 'ಫೂಲ' ಇಡುತ್ತಾರೆ. ಈ ಕವಂದಿಗಳ ಬಗ್ಗೆ ಹೆನ್ರಿ ಡ್ರೂವಲ್ ಇಂಗ್ಲಿಷಿನಲ್ಲಿ ಬರೆದಿದ್ದಾರೆ.

ಆದರೆ ಎಲ್ಲಕ್ಕಿಂತ ಒಳ್ಳೆಯ ಪಾಠ ಮನೆಯ ಹಿರಿಯರದ್ದು. ಅವರ ಕೈ ಓಡುತ್ತಿರುವಾಗಲೇ ಕೇಳಿ. ನಾನು ಅಜ್ಜಿಯನ್ನು ಕೇಳಲಿಲ್ಲ. ಈಗ ಭಾನುವಾರ ಅವ್ವನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಡಬ್ಬಿಗೆ ಒರಗಿಸಿ ಕೂರುತ್ತೇನೆ. ಎರಡನೇ ಕೌದಿ ನಡೀತಿದೆ. ಅಜ್ಜಿಯ ಒಂದು ಸೀರೆಯನ್ನು ಕತ್ತರಿಸದೆ, ಇಡಿಯಾಗಿ ಮಡಚಿ ಒಳಗೆ ಇಟ್ಟಿದ್ದೇನೆ. ಉಳಿದ ನಾಲ್ಕು ಇನ್ನೂ ಟ್ರಂಕಿನಲ್ಲೇ ಇವೆ.