ಎರಡು ಎಸೆತಗಳ ನಡುವಿನ ಮಾತು

ಬೇಸ್‌ಬಾಲ್ ಆಟವನ್ನು ರೇಡಿಯೊದಲ್ಲಿ ಹೇಳಬಹುದು ಎಂದು ಗೊತ್ತಾದದ್ದು ಒಂದೇ ದಿನದಲ್ಲಿ. ಹೇಗೆ ಹೇಳಬೇಕು ಎಂದು ಗೊತ್ತಾಗಲು ವರ್ಷಗಳೇ ಹಿಡಿದವು.

ಆ ದಿನ 1921ರ ಆಗಸ್ಟ್ 5. ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ, ಪ್ರೇಕ್ಷಕರ ಆಸನದಲ್ಲೇ ಕೂತು, ಟೆಲಿಫೋನನ್ನು ಮಾರ್ಪಡಿಸಿ ಮಾಡಿದ ಮೈಕಿನೊಳಗೆ ಆಟ ಹೇಳಿದವನು ಹೆರಾಲ್ಡ್ ಆರ್ಲಿನ್. ವಯಸ್ಸು ಇಪ್ಪತ್ತೈದು. ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ನೌಕರಿ, ಅದೇ ಕಂಪನಿಯ ಕೆಡಿಕೆಎ ನಿಲಯದಲ್ಲಿ ಉದ್ಘೋಷಣೆ. ಪೈರೇಟ್ಸ್ ತಂಡ ಫಿಲ್ಲೀಸ್ ತಂಡವನ್ನು 8-5ರಿಂದ ಸೋಲಿಸಿತು. ಎಸೆತ ಬಿದ್ದಾಗ ಆರ್ಲಿನ್ ಮಾತಾಡಿದ, ಬೀಳದಿದ್ದಾಗ ಸುಮ್ಮನಿದ್ದ. ಎಸೆತಗಳ ನಡುವೆಯೂ ಮಾತಾಡಬೇಕೆಂದು ತನಗೆ ಯಾರೂ ಹೇಳಿರಲಿಲ್ಲ ಎಂದು ಮುಂದೆ ನೆನೆದುಕೊಂಡಿದ್ದಾನೆ. ಚೆಂಡು ಓಡುವುದಕ್ಕಿಂತ ಆಟಗಾರರು ನಿಂತು ಕಾಯುವುದೇ ಹೆಚ್ಚಾದ ಆಟವಿದು. ಕೇಳುಗನಿಗೆ ರೇಡಿಯೊ ಕೆಟ್ಟಿತೋ ಆಟ ನಿಂತಿತೋ ತಿಳಿಯಬೇಕಲ್ಲ!

ಆ ಖಾಲಿ ಹೊತ್ತಿಗೆ ಮಾತು ಕೊಟ್ಟವನು ಒಬ್ಬ ಹಾಡುಗಾರ. ಗ್ರಹಾಂ ಮೆಕ್‌ನಮೀ 1923ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಜ್ಯೂರಿಯಾಗಿ ಬಂದಿದ್ದ. ಊಟದ ಬಿಡುವಿನಲ್ಲಿ ಹತ್ತಿರದ ಡಬ್ಲ್ಯುಇಎಎಫ್ ರೇಡಿಯೊ ನಿಲಯಕ್ಕೆ ಹೋಗಿ ಕೆಲಸ ಕೇಳಿದ, ಸಿಕ್ಕಿತು. ಆ ವರ್ಷದ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ ಆಟ ಹೇಳುವ ಹೊಣೆ ಒಬ್ಬ ಪತ್ರಕರ್ತನದು, ಇವನದು ಬರೀ ಬಿಡುವು ತುಂಬುವ ಕೆಲಸ. ಪತ್ರಕರ್ತ ಅರ್ಧದಲ್ಲೇ ಕೈಬಿಟ್ಟಾಗ ಮೈಕು ಇವನ ಪಾಲಾಯಿತು. ಆಟದ ಸೂಕ್ಷ್ಮಗಳು ಇವನಿಗೆ ಅಷ್ಟಕ್ಕಷ್ಟೆ. ಆದರೆ ಬಿಸಿಲು, ಜನಸಂದಣಿ, ಕೂಗು ಎಲ್ಲವನ್ನೂ ಬಣ್ಣಿಸುತ್ತಿದ್ದ. 1925ರ ಸೀರೀಸ್ ಮುಗಿದಾಗ ಅವನಿಗೆ ಬಂದ ಪತ್ರಗಳು ಐವತ್ತು ಸಾವಿರ. ಮೈದಾನದಲ್ಲಿ ನಡೆದದ್ದು ಒಂದಾಟ, ಮೆಕ್‌ನಮೀ ಹೇಳಿದ್ದು ಇನ್ನೊಂದಾಟ ಎಂದು ಲೇಖಕ ರಿಂಗ್ ಲಾರ್ಡ್‌ನರ್ ಕುಟುಕಿದ್ದೂ ಉಂಟು.

ಬಣ್ಣನೆ ಹೆಚ್ಚಾದರೆ ಲೆಕ್ಕ ಮರೆಯುತ್ತದೆ. ಅದಕ್ಕೆ ಮದ್ದು ಕಂಡುಕೊಂಡವನು ರೆಡ್ ಬಾರ್ಬರ್. 1934ರಲ್ಲಿ ಸಿನ್ಸಿನಾಟಿಯಲ್ಲಿ ಅವನು ಹೇಳಿದ ಮೊದಲ ದೊಡ್ಡ ಪಂದ್ಯವೇ ಅವನು ಕಣ್ಣಾರೆ ಕಂಡ ಮೊದಲ ದೊಡ್ಡ ಪಂದ್ಯ. ಮೊಟ್ಟೆ ಬೇಯಿಸುವಾಗ ಹೊತ್ತು ನೋಡುವ, ಮೂರು ನಿಮಿಷದ ಮರಳುಗಡಿಯಾರವನ್ನು ಮುಂದಿಟ್ಟುಕೊಂಡು, ಮರಳು ಸುರಿದು ಮುಗಿದಾಗಲೆಲ್ಲ ಸ್ಕೋರ್ ಹೇಳಿ ಅದನ್ನು ತಿರುವಿಡುತ್ತಿದ್ದ. ಈ ಕಸುಬಿನ ಇತಿಹಾಸದಲ್ಲಿ ಮೈಕಿನಷ್ಟೇ ತೂಕ ಈ ಅಡುಗೆಮನೆಯ ಸಾಮಾನಿಗೂ ಇದೆ ಎಂಬುದು ನನ್ನ ಎಣಿಕೆ.

ಮೈದಾನಕ್ಕೆ ಹೋಗದೆಯೂ ಆಟ ಹೇಳುತ್ತಿದ್ದರು. ತಂತಿಯಲ್ಲಿ ಬಂದ ಎರಡು ಮೂರು ಪದಗಳನ್ನು ಹಿಡಿದು, ಸ್ಟುಡಿಯೊದಲ್ಲೇ ಇಡೀ ದೃಶ್ಯ ಕಟ್ಟುವುದು. ತಾಳಮದ್ದಳೆಯ ಅರ್ಥಧಾರಿ ಪದ್ಯದ ಒಂದು ಸಾಲಿನಿಂದ ಪ್ರಸಂಗ ಬೆಳೆಸುವ ಹಾಗೆ. ಅಯೋವಾದ ಡೆಮೊಯಿನ್‌ನಲ್ಲಿ ಹೀಗೆ ಚಿಕಾಗೊ ಕಬ್ಸ್ ಆಟ ಹೇಳುತ್ತಿದ್ದ ಯುವಕನಿಗೆ ಒಮ್ಮೆ ನಡುವೆ ತಂತಿಯೇ ಕೈಕೊಟ್ಟಿತು. ಅವನು ಬ್ಯಾಟರ್‌ನಿಂದ ಫೌಲ್ ಮೇಲೆ ಫೌಲ್ ಹೊಡೆಸಿದ. ಜಾಣತನ ಇರುವುದು ಇಲ್ಲೇ: ಎರಡು ಸ್ಟ್ರೈಕ್ ಆದ ಮೇಲೆ ಗೆರೆಯಾಚೆ ಎಷ್ಟು ಬಾರಿ ಹೊಡೆದರೂ ಬ್ಯಾಟರ್ ಔಟಾಗುವುದಿಲ್ಲ, ಮರುದಿನದ ಪತ್ರಿಕೆಯ ಅಂಕಪಟ್ಟಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ತಂತಿ ಮತ್ತೆ ಜೀವ ತಳೆಯುವವರೆಗೆ ಕಥೆ ಹಾಗೇ ಎಳೆದ ಆ ಯುವಕ ರೊನಾಲ್ಡ್ ರೇಗನ್, ಮುಂದೆ ಅಮೆರಿಕದ ಅಧ್ಯಕ್ಷ.

ಮಾಲೀಕರಿಗೆ ಮಾತ್ರ ಭಯ, ಮನೆಯಲ್ಲೇ ಆಟ ಕೇಳಿದರೆ ಟಿಕೆಟು ಕೊಳ್ಳುವವರಾರು ಎಂದು. ನ್ಯೂಯಾರ್ಕಿನ ಮೂರೂ ತಂಡಗಳು ಒಪ್ಪಂದ ಮಾಡಿಕೊಂಡು ರೇಡಿಯೊವನ್ನು ದೂರವಿಟ್ಟಿದ್ದವು. 1939ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಅದನ್ನು ಮುರಿದು ಬಾರ್ಬರ್‌ನನ್ನು ಕರೆಸಿಕೊಂಡಿತು. 1948ರಲ್ಲಿ ಅವನು ಹೊಟ್ಟೆಹುಣ್ಣಿನಿಂದ ಮಲಗಿದಾಗ ಅಟ್ಲಾಂಟಾ ತಂಡದ ಆಟ ಹೇಳುತ್ತಿದ್ದ ಅರ್ನಿ ಹಾರ್ವೆಲ್ ಬೇಕಾದ. ಅಟ್ಲಾಂಟಾದವರು ಹಣದ ಬದಲು ಒಬ್ಬ ಕ್ಯಾಚರ್‌ನನ್ನು, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಆಟಗಾರನನ್ನು, ಕೇಳಿದರು! ಕ್ಲಿಫ್ ಡ್ಯಾಪರ್ ಅಲ್ಲಿಗೆ, ಹಾರ್ವೆಲ್ ಇಲ್ಲಿಗೆ. ಹಾರ್ವೆಲ್ ಜೈಂಟ್ಸ್ ತಂಡಕ್ಕೆ ಹೋದ ಮೇಲೆ, 1950ರಲ್ಲಿ ಆ ಜಾಗಕ್ಕೆ ಬಂದವನು ಇಪ್ಪತ್ತೆರಡರ ವಿನ್ ಸ್ಕಲ್ಲಿ. 2016ರವರೆಗೆ 67 ಹಂಗಾಮು ಕದಲಲಿಲ್ಲ.

1958ರಲ್ಲಿ ಡಾಡ್ಜರ್ಸ್ ಲಾಸ್ ಏಂಜಲೀಸ್‌ಗೆ ಬಂದು ಕೊಲಿಸಿಯಂನಲ್ಲಿ ಆಡತೊಡಗಿತು. ಮೈದಾನ ವಿಪರೀತ ದೊಡ್ಡದು, ಹಿಂದಿನ ಸಾಲಿಗೆ ಆಟಗಾರರು ಇರುವೆಗಳಷ್ಟೇ ಕಾಣುತ್ತಿದ್ದರು. ಟಿಕೆಟು ಕೊಂಡವರೂ ಟ್ರಾನ್ಸಿಸ್ಟರ್ ತಂದು ಸ್ಕಲ್ಲಿಯನ್ನು ಕೇಳುತ್ತ ಆಟ ನೋಡತೊಡಗಿದರು. 1960ರಲ್ಲಿ ಒಂದು ದಿನ ಅಂಪೈರ್ ಫ್ರಾಂಕ್ ಸೆಕೊರಿಯ ಹುಟ್ಟುಹಬ್ಬ ಎಂದು ತಿಳಿದ ಸ್ಕಲ್ಲಿ, ಒಂದು ಎರಡು ಮೂರು ಎಣಿಸುತ್ತೇನೆ, ಎಲ್ಲರೂ ಶುಭಾಶಯ ಕೂಗಿ ಎಂದ. ಮೂರಕ್ಕೆ ಮೈದಾನವಿಡೀ ಕೂಗಿತು.