ಎರಡು ವಿಮಾನ ನಿಲ್ದಾಣಗಳ ನಡುವಣ ದೂರವೂ ಪ್ರಯಾಣಕಾಲವೂ

ಮಲಪ್ರಭೆಯ ದಡದ ಹೊಳೆಆಲೂರಿನವರಿಗೆ ಹತ್ತಿರದ ವಿಮಾನ ನಿಲ್ದಾಣಗಳು ಎರಡು: ಹುಬ್ಬಳ್ಳಿ ಮತ್ತು ಬೆಳಗಾವಿಯ ಸಾಂಬ್ರಾ. ಸಾಂಬ್ರಾ ನಿಲ್ದಾಣವು 1942ರಲ್ಲಿ, ಯುದ್ಧಕಾಲದಲ್ಲಿ ನಿರ್ಮಿತವಾದುದು. ಹುಬ್ಬಳ್ಳಿಯದು 1974ರಲ್ಲಿ ಆರಂಭವಾಯಿತು. 2017ರಲ್ಲಿ ಎರಡಕ್ಕೂ ಹೊಸ ಕಟ್ಟಡಗಳು ದೊರೆತವು. ಇವುಗಳ ನಡುವಣ ದೂರವನ್ನು ಆಧಾರವಾಗಿಟ್ಟುಕೊಂಡು ದೂರಕ್ಕೂ ಪ್ರಯಾಣಕಾಲಕ್ಕೂ ಇರುವ ಸಂಬಂಧವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ನೇರ ದೂರ. ಹುಬ್ಬಳ್ಳಿ ನಿಲ್ದಾಣವು ಸುಮಾರು 15 ಅಂಶ 22 ಕಲೆ ಉತ್ತರ ಅಕ್ಷಾಂಶ, 75 ಅಂಶ 5 ಕಲೆ ಪೂರ್ವ ರೇಖಾಂಶದಲ್ಲಿದೆ. ಸಾಂಬ್ರಾ 15 ಅಂಶ 52 ಕಲೆ, 74 ಅಂಶ 37 ಕಲೆಯಲ್ಲಿದೆ. ಅಕ್ಷಾಂಶದ ಅಂತರ 30 ಕಲೆ, ರೇಖಾಂಶದ್ದು 28 ಕಲೆ. ಈ ಪ್ರದೇಶದಲ್ಲಿ ಅಕ್ಷಾಂಶದ ಒಂದು ಕಲೆಗೆ ಸುಮಾರು 1.84 ಕಿಲೋಮೀಟರೂ, ಧ್ರುವದತ್ತ ರೇಖಾಂಶಗಳು ಒತ್ತೊತ್ತಾಗುವುದರಿಂದ ರೇಖಾಂಶದ ಕಲೆಗೆ 1.79 ಕಿಲೋಮೀಟರೂ ಆಗುತ್ತವೆ. ಆದುದರಿಂದ ಉತ್ತರಕ್ಕೆ 55, ಪಶ್ಚಿಮಕ್ಕೆ 50 ಕಿಲೋಮೀಟರು. ಲಂಬಕೋನ ತ್ರಿಭುಜದ ನಿಯಮದಂತೆ ಕರ್ಣವು ಸುಮಾರು 74 ಕಿಲೋಮೀಟರು. ಇಷ್ಟು ಅಲ್ಪ ದೂರದಲ್ಲಿ ಭೂಮಿಯ ಗೋಲತ್ವವನ್ನು ಉಪೇಕ್ಷಿಸಬಹುದು.

ಧಾರವಾಡ, ಕಿತ್ತೂರುಗಳ ಮೂಲಕ ಸಾಗುವ ರಸ್ತೆಯಾದರೋ ಸುಮಾರು 105 ಕಿಲೋಮೀಟರು. ಅಂದರೆ ನೇರ ದೂರದ 1.4ರಷ್ಟು. ಗಂಟೆಗೆ 60 ಕಿಲೋಮೀಟರಿನ ಸರಾಸರಿ ವೇಗದಲ್ಲಿ ಅದಕ್ಕೆ ಒಂದು ಮುಕ್ಕಾಲು ಗಂಟೆ ಸಾಕು.

ವಿಮಾನವೊಂದು ಇವುಗಳ ನಡುವೆ ಹಾರಿತೆಂದು ಭಾವಿಸೋಣ. ಗಂಟೆಗೆ 400 ಕಿಲೋಮೀಟರಿನಂತೆ ಹಾರಾಟಕ್ಕೆ ಬೇಕಾದುದು ಹನ್ನೊಂದು ನಿಮಿಷ. ಆದರೆ ನಿಲ್ದಾಣ ತಲುಪಲು ಅರ್ಧ ಗಂಟೆ, ಮುಂಚಿತವಾಗಿ ಹಾಜರಾಗಲು ಒಂದೂವರೆ ಗಂಟೆ, ನೆಲದ ಓಟಕ್ಕೂ ಏರಿಳಿತಕ್ಕೂ ಅರ್ಧ ಗಂಟೆ, ಸಾಮಾನು ಪಡೆದು ಊರು ಸೇರಲು ಅರ್ಧ ಗಂಟೆ, ಹೀಗೆ ಮೂರು ಗಂಟೆ ಸೇರುತ್ತದೆ. ದೂರವೆಷ್ಟೇ ಇರಲಿ, ಈ ಮೂರು ಗಂಟೆಯನ್ನು ತೆರಲೇಬೇಕು, ಇದನ್ನು ಸ್ಥಿರಕಾಲವೆನ್ನೋಣ.

ಹೀಗಿರಲು ವಿಮಾನವು ಯಾವ ದೂರದಿಂದಾಚೆಗೆ ಲಾಭಕರ? ನೇರ ದೂರದ ಪ್ರತಿ ಕಿಲೋಮೀಟರಿಗೆ ರಸ್ತೆಯಲ್ಲಿ 84 ಸೆಕೆಂಡು, ಆಕಾಶದಲ್ಲಿ 9 ಸೆಕೆಂಡು ಬೇಕು. ಉಳಿತಾಯ 75 ಸೆಕೆಂಡು. ಮೂರು ಗಂಟೆಯ 10,800 ಸೆಕೆಂಡುಗಳನ್ನು 75ರಿಂದ ಭಾಗಿಸಿದರೆ 144 ಕಿಲೋಮೀಟರು. ಹುಬ್ಬಳ್ಳಿ-ಬೆಳಗಾವಿಗಳ ಅಂತರ ಅದರ ಅರ್ಧವಷ್ಟೆ.

ಈ ಲೆಕ್ಕವು ನಿಲ್ದಾಣದ ಸಮೀಪವಾಸಿಗೆ ಸಲ್ಲುತ್ತದೆ. ಹೊಳೆಆಲೂರು ಬಹುಮಟ್ಟಿಗೆ ಬೆಳಗಾವಿಯ ಅಕ್ಷಾಂಶದಲ್ಲಿಯೇ, ಆದರೆ ನೂರಕ್ಕೂ ಮಿಕ್ಕ ಕಿಲೋಮೀಟರು ಪೂರ್ವಕ್ಕಿದೆ. ಆದುದರಿಂದ ಅದಕ್ಕೆ ಹುಬ್ಬಳ್ಳಿಯೇ ಹತ್ತಿರ. ಅಲ್ಲಿಗೆ ರೋಣ, ಗದಗುಗಳ ಮಾರ್ಗವಾಗಿ ತಲುಪಲು ಎರಡು ಗಂಟೆಯೆಂದರೂ ಸ್ಥಿರಕಾಲವು ನಾಲ್ಕೂವರೆ ಗಂಟೆಗೆ ಏರುತ್ತದೆ. ಗಮ್ಯಸ್ಥಾನವು ಎರಡೂ ಊರುಗಳಿಂದ ಸಮದೂರದಲ್ಲಿದೆಯೆಂದಿಟ್ಟುಕೊಂಡರೆ, ಲಾಭದ ಎಲ್ಲೆ 216 ಕಿಲೋಮೀಟರಿಗೆ ಸರಿಯುತ್ತದೆ. ಹಳ್ಳಿಯ ರಸ್ತೆಯಲ್ಲಿ ಅರ್ಧ ಗಂಟೆ ಉಳಿದರೆ ಎಲ್ಲೆಯು 24 ಕಿಲೋಮೀಟರು ಹಿಂದೆ ಬರುತ್ತದೆ. ವಿಮಾನದ ವೇಗವನ್ನು 500ಕ್ಕೆ ಏರಿಸಿದರೂ ಅದು ಐದಾರು ಕಿಲೋಮೀಟರಿಗಿಂತ ಹೆಚ್ಚು ಸರಿಯದು.

2009 ಮತ್ತು 2019ರ ಮಲಪ್ರಭೆಯ ಪ್ರವಾಹಗಳು ರೋಣ, ನರಗುಂದ ತಾಲೂಕುಗಳ ನದೀತೀರದ ಊರುಗಳನ್ನು ಬಾಧಿಸಿದುವು. ಇಂಥ ದಿನಗಳಲ್ಲಿ ನಕಾಶೆಯ ದೂರ ಇದ್ದಷ್ಟೇ ಇರುತ್ತದೆ. ಪ್ರಯಾಣಕಾಲಕ್ಕೆ ಮಾತ್ರ ಮಿತಿಯಿರುವುದಿಲ್ಲ. ಆದುದರಿಂದ ನಿಲ್ದಾಣವೊಂದರ ಪ್ರಯೋಜನವನ್ನು ಅಳೆಯುವವರು ಓಡುಪಥದ ಉದ್ದವನ್ನಷ್ಟೇ ಅಲ್ಲದೆ, ಅದರ ಬಾಗಿಲಿನವರೆಗೆ ಬರುವ ಹಳ್ಳಿಯ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.